ಹನ್ನೆರಡು ಕುರ್ಚಿಗಳ ಲೆಕ್ಕ: ‘ಎ ಟೈಮ್ ಟು ಕಿಲ್’ ಸಿನಿಮಾದ ಒಳಗಿನ ಕಾನೂನು

ಕೋರ್ಟ್ ಸಿನಿಮಾ ಅಂದ್ರೆ ಸಾಮಾನ್ಯವಾಗಿ ಒಂದು ಗುಟ್ಟು ಇರುತ್ತದೆ. ಕೊಂದವರು ಯಾರು ಅನ್ನುವುದು ಕೊನೆಯ ರೀಲಿನಲ್ಲಿ ಗೊತ್ತಾಗುತ್ತದೆ. 1996ರ ಹಾಲಿವುಡ್ ಸಿನಿಮಾ ‘ಎ ಟೈಮ್ ಟು ಕಿಲ್’ನಲ್ಲಿ ಆ ಗುಟ್ಟೇ ಇಲ್ಲ. ಕೊಂದವನು ಕಾರ್ಲ್ ಲೀ ಹೇಲಿ. ಕೊಂದದ್ದು ಹಾಡಹಗಲಲ್ಲಿ, ಕೋರ್ಟ್ ಕಟ್ಟಡದ ಒಳಗೆ, ಪೊಲೀಸರ ಕಣ್ಣೆದುರು. ಅವನೂ ಅಲ್ಲಗಳೆಯುವುದಿಲ್ಲ. ಹಾಗಿದ್ದ ಮೇಲೆ ಎರಡೂವರೆ ಗಂಟೆ ಸಿನಿಮಾ ಯಾತರ ಬಗ್ಗೆ?

ವಕೀಲರ ಬಾಯಲ್ಲಿ ಬರುವ ಉತ್ತರ ಒಂದು: ಗುಂಡು ಹಾರಿಸುವಾಗ ಅವನ ಬುದ್ಧಿ ಸ್ಥಿಮಿತದಲ್ಲಿತ್ತೋ ಇಲ್ಲವೋ. ಸಿನಿಮಾ ಉದ್ದಕ್ಕೂ ಇದನ್ನೇ ವಾದಿಸುತ್ತದೆ. ಆದರೆ ನನಗೆ ಅನಿಸುವುದು ಬೇರೆ. ಅದು ಹೊರಗಿನ ಅಂಗಿ ಅಷ್ಟೇ. ಒಳಗಿನ ವಿಷಯ, ತೀರ್ಪು ಕೊಡುವ ಹನ್ನೆರಡು ಕುರ್ಚಿಗಳಲ್ಲಿ, ಅಂದರೆ ಊರಿನ ಜನರಿಂದಲೇ ಆರಿಸಿದ ಜ್ಯೂರಿಯಲ್ಲಿ, ಯಾರು ಕೂರುತ್ತಾರೆ ಅನ್ನುವುದು.

ಕಥೆ ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. ಊರು ಮಿಸಿಸಿಪ್ಪಿ ರಾಜ್ಯದ ಕ್ಯಾಂಟನ್. ಹತ್ತು ವರ್ಷದ ಕಪ್ಪು ಹುಡುಗಿ ಟೋನ್ಯಾ ಅಂಗಡಿಯಿಂದ ಸಾಮಾನು ತರುತ್ತಿದ್ದಾಳೆ. ಕುಡಿದ ಇಬ್ಬರು ಬಿಳಿಯರು ಅವಳ ಮೇಲೆ ಅತ್ಯಾಚಾರ ಮಾಡಿ, ಕೊಲ್ಲಲು ನೋಡಿ, ಸತ್ತಳು ಅಂದುಕೊಂಡು ಬಿಸಾಡಿ ಹೋಗುತ್ತಾರೆ. ಮಗು ಬದುಕುತ್ತದೆ. ಊರಿನ ಶೆರಿಫ್ ಕಪ್ಪು ವರ್ಣೀಯನೇ, ಇಬ್ಬರನ್ನೂ ಕೂಡಲೇ ಹಿಡಿಯುತ್ತಾನೆ. ಹುಡುಗಿಯ ಅಪ್ಪ ಕಾರ್ಲ್ ಲೀ ಕೂಲಿ ಮಾಡುವವನು. ಅವನು ಜೇಕ್ ಬ್ರಿಗ್ಯಾನ್ಸ್ ಎಂಬ ಬಿಳಿ ವಕೀಲನ ಹತ್ತಿರ ಹೋಗಿ ಒಂದು ಮಾತು ಕೇಳುತ್ತಾನೆ. ಅದೇ ರಾಜ್ಯದ ಡೆಲ್ಟಾ ಎಂಬ ಸೀಮೆಯ ಕಡೆ ಒಂದು ಕಪ್ಪು ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ನಾಲ್ವರು ಬಿಳಿ ಹುಡುಗರು ಬಿಡುಗಡೆ ಆದರಲ್ಲ, ಅಲ್ವಾ? ಜೇಕ್ ಹೌದು ಅನ್ನುತ್ತಾನೆ. ಆಮೇಲೆ ಆ ಇಬ್ಬರನ್ನು ಕೋರ್ಟಿಗೆ ಕರೆತಂದ ದಿನ ಕಾರ್ಲ್ ಲೀ ರೈಫಲ್ ಹಿಡಿದು ಎದುರು ನಿಲ್ಲುತ್ತಾನೆ. ಇಬ್ಬರೂ ಸಾಯುತ್ತಾರೆ. ಜೊತೆಗಿದ್ದ ಲೂನಿ ಎಂಬ ಪೊಲೀಸಿನವನ ಕಾಲಿಗೆ ಗುಂಡು ಬೀಳುತ್ತದೆ, ಕಾಲು ಕತ್ತರಿಸಬೇಕಾಗುತ್ತದೆ.

ಕಾರ್ಲ್ ಲೀ ಪಾತ್ರ ಸ್ಯಾಮ್ಯುಯೆಲ್ ಎಲ್. ಜ್ಯಾಕ್ಸನ್ ಅವರದ್ದು, ಜೇಕ್ ಪಾತ್ರ ಮ್ಯಾಥ್ಯೂ ಮೆಕಾನಹೆ ಅವರದ್ದು. ನಿರ್ದೇಶನ ಜೋಯಲ್ ಶೂಮಾಕರ್. ಮೂಲ ಜಾನ್ ಗ್ರಿಶಮ್ ಅವರ ಮೊದಲ ಕಾದಂಬರಿ, 1989ರದ್ದು. ಗ್ರಿಶಮ್ ಆಗ ಮಿಸಿಸಿಪ್ಪಿಯ ಸಣ್ಣ ಊರೊಂದರಲ್ಲಿ ವಕೀಲಿ ಮಾಡುತ್ತಿದ್ದರು. 1984ರಲ್ಲಿ ಕೋರ್ಟಿನಲ್ಲಿ ಒಬ್ಬ ಹುಡುಗಿ ಸಾಕ್ಷಿ ಹೇಳುವುದನ್ನು ಕೇಳಿ, ಇವಳ ಅಪ್ಪನೇ ಬಂದೂಕು ಎತ್ತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದ್ದೇ ಪುಸ್ತಕದ ಬೀಜ. ಮೊದಲು ಅಚ್ಚಾದದ್ದು ಬರೀ 5,000 ಪ್ರತಿ. ಅದರಲ್ಲಿ 1,000 ಪ್ರತಿಯನ್ನು ಅವರೇ ಕೊಂಡರು!

ಸಿಟ್ಟು ಅಂತ ವಾದಿಸಬಹುದಿತ್ತಲ್ಲ?

ಮಗಳಿಗೆ ಹೀಗಾದಾಗ ಯಾವ ತಂದೆಗೆ ಸಿಟ್ಟು ಬರುವುದಿಲ್ಲ? ಹಾಗಾದರೆ ‘ಸಿಟ್ಟಿನ ಭರದಲ್ಲಿ ಕೊಂದ’ ಎಂದು ವಾದಿಸಿ ಶಿಕ್ಷೆ ಇಳಿಸಬಹುದಿತ್ತಲ್ಲ ಅಂತ ಅನಿಸುತ್ತದೆ. ಅಂಥ ದಾರಿ ಅಮೆರಿಕದಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಅದಕ್ಕೆ ಒಂದು ಕಟ್ಟುಪಾಡು. ಕೆರಳಿಸಿದ್ದಕ್ಕೂ ಕೊಂದದ್ದಕ್ಕೂ ನಡುವೆ ತಣ್ಣಗಾಗುವಷ್ಟು ಹೊತ್ತು ಇರಬಾರದು.

ನಾನಾವತಿ ಪ್ರಕರಣ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ಹೆಂಡತಿಯ ಸ್ನೇಹಿತನನ್ನು ಗುಂಡಿಟ್ಟು ಕೊಂದರು. ಹೆಂಡತಿ ವಿಷಯ ಒಪ್ಪಿಕೊಂಡ ಮೇಲೆ ಮನೆಯವರನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದು, ಆಮೇಲೆ ಕೊಂದದ್ದು. ಸುಮಾರು ಮೂರು ಗಂಟೆಯ ಅಂತರ. ಜ್ಯೂರಿ 8–1ರಿಂದ ನಿರ್ದೋಷಿ ಅಂದಿತು. ಸುಪ್ರೀಂ ಕೋರ್ಟ್ 1961ರಲ್ಲಿ ಒಪ್ಪಲಿಲ್ಲ. ಅಷ್ಟು ಹೊತ್ತು ಸಿಕ್ಕಿದ ಮೇಲೆ ಅದು ದಿಢೀರ್ ಸಿಟ್ಟಲ್ಲ, ಯೋಚಿಸಿ ಮಾಡಿದ ಕೊಲೆ ಅಂದಿತು. ಈ ಕೇಸಿನಿಂದಲೇ ಭಾರತದಲ್ಲಿ ಜ್ಯೂರಿ ಹೋಯಿತು ಅನ್ನುವ ಮಾತು ಪೂರ್ತಿ ಸರಿಯಲ್ಲ. ಕೆಲವು ಕಡೆ ಇನ್ನೂ ಸ್ವಲ್ಪ ಕಾಲ ನಡೆದು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇಲ್ಲವಾಯಿತು.

ಕಾರ್ಲ್ ಲೀ ಮಾಡಿದ್ದೂ ಇದೇ ಬಗೆಯದು. ಬಂದೂಕು ಹೊಂದಿಸಿದ್ದಾನೆ. ವಕೀಲನಿಗೆ ಮುಂಚೆಯೇ ಸುಳಿವು ಕೊಟ್ಟಿದ್ದಾನೆ. ಕೋರ್ಟಿನಲ್ಲಿ ಅಡಗಿ ಕಾದಿದ್ದಾನೆ. ಸಿಟ್ಟಿನ ವಾದ ನಿಲ್ಲುವುದಿಲ್ಲ. ಸರ್ಕಾರಿ ವಕೀಲ ಮರಣದಂಡನೆ ಕೇಳುತ್ತಿದ್ದಾನೆ. ಪೂರ್ತಿ ಬಿಡಿಸಿಕೊಳ್ಳಲು ಉಳಿದದ್ದು ಒಂದೇ ಬಾಗಿಲು, ಬುದ್ಧಿಭ್ರಮಣೆ.

ಆ ಬಾಗಿಲಿನ ಬೀಗ ಹಾಕಿದ್ದು 1843ರಲ್ಲಿ, ಲಂಡನ್ನಿನಲ್ಲಿ. ಡೇನಿಯಲ್ ಮ್ಯಾಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲ್ ಅವರ ಪಕ್ಷದವರು ತನ್ನನ್ನು ಹಿಂಸಿಸುತ್ತಿದ್ದಾರೆ ಎಂಬ ಭ್ರಮೆಯಲ್ಲಿ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಕೊಂದ. ಜ್ಯೂರಿ ಅವನನ್ನು ಹುಚ್ಚ ಎಂದು ಬಿಟ್ಟಿತು. ಊರೆಲ್ಲ ಗಲಾಟೆ. ಆಗ ನ್ಯಾಯಾಧೀಶರು ಸೇರಿ ಒಂದು ಅಳತೆ ಹಾಕಿಕೊಟ್ಟರು. ಮನೋರೋಗದಿಂದಾಗಿ ತಾನು ಏನು ಮಾಡುತ್ತಿದ್ದೇನೆ ಅಂತಲೇ ಗೊತ್ತಿರಬಾರದು. ಅಥವಾ ಗೊತ್ತಿದ್ದರೂ ಅದು ತಪ್ಪು ಅಂತ ಗೊತ್ತಿರಬಾರದು. ಮಿಸಿಸಿಪ್ಪಿಯಲ್ಲಿ ಈಗಲೂ ಇದೇ ಅಳತೆ. ನಮ್ಮ ಹಳೆಯ ದಂಡಸಂಹಿತೆಯ 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇದರ ಒಡಹುಟ್ಟುಗಳೇ.

ಈ ಅಳತೆಯಲ್ಲಿ ಕಾರ್ಲ್ ಲೀ ಪಾಸಾಗುತ್ತಾನಾ? ಇಲ್ಲ. ಸಿನಿಮಾಕ್ಕೂ ಅದು ಗೊತ್ತಿದೆ. ಎರಡೂ ಕಡೆಯ ಮನೋವೈದ್ಯರು ಬಂದು ಹೋಗುತ್ತಾರೆ. ಸರ್ಕಾರದ ಕಡೆಯ ವೈದ್ಯ ಇಷ್ಟು ವರ್ಷ ಸಾಕ್ಷಿ ಹೇಳಿದರೂ ಒಬ್ಬ ಆರೋಪಿಯನ್ನೂ ಬುದ್ಧಿಭ್ರಮಣೆಯಾದವನು ಎಂದವನಲ್ಲ. ಕೋರ್ಟೇ ಹಾಗೆಂದು ತೀರ್ಮಾನಿಸಿದ ಒಬ್ಬ ರೋಗಿ ಅವನದೇ ಆಸ್ಪತ್ರೆಯಲ್ಲಿದ್ದಾನೆ ಅಂತ ಜೇಕ್ ಹೊರಗೆಳೆಯುತ್ತಾನೆ. ಜೇಕ್ ಕಡೆಯ ವೈದ್ಯನ ಕಥೆ ಇನ್ನೂ ಕೆಟ್ಟದ್ದು. ಅವನ ಮೇಲಿದ್ದ ಹಳೆಯ ಶಿಕ್ಷೆಯೊಂದನ್ನು ಸರ್ಕಾರಿ ವಕೀಲ ಬಕ್ಲಿ ಕೆದಕಿ ತೆಗೆಯುತ್ತಾನೆ. ಇಬ್ಬರು ವೈದ್ಯರ ಮಾನವೂ ಹೋಗುತ್ತದೆ. ಆರೋಪಿಯ ಮನಸ್ಸಿನ ಬಗ್ಗೆ ಯಾರೂ ಏನೂ ತಿಳಿದುಕೊಳ್ಳುವುದಿಲ್ಲ. ನಿಜವಾದ ವಿಚಾರಣೆಗಳಲ್ಲೂ ಎಷ್ಟೋ ಸಲ ಹೀಗೇ ಆಗುತ್ತದೆ. ತಜ್ಞರ ಮಾತಿಗಿಂತ ತಜ್ಞರ ಚಾರಿತ್ರ್ಯವೇ ವಿಚಾರಣೆಗೆ ಒಳಗಾಗುತ್ತದೆ.

ಆಮೇಲೆ ಕಾರ್ಲ್ ಲೀ ತಾನೇ ಕಟಕಟೆ ಹತ್ತುತ್ತಾನೆ. ಪಾಟೀಸವಾಲಿನಲ್ಲಿ ಬಕ್ಲಿ ಅವನನ್ನು ಕೆಣಕುತ್ತಾ ಹೋಗುತ್ತಾನೆ. ಅವರು ಸಾಯಬೇಕಾಗಿತ್ತು ಅಂತ ನಿನಗೆ ಅನಿಸಿತಾ? ಕಾರ್ಲ್ ಲೀ ತಡೆಯಲಾರದೆ ಕಿರುಚುತ್ತಾನೆ. ಹೌದು, ಸಾಯಲಿಕ್ಕೇ ಯೋಗ್ಯರು ಅವರು, ನರಕದಲ್ಲಿ ಬೇಯಲಿ. ಆ ಒಂದು ಕಿರುಚಿನಲ್ಲಿ ಬುದ್ಧಿಭ್ರಮಣೆಯ ವಾದ ನೆಲಕಚ್ಚುತ್ತದೆ. ತಾನು ಏನು ಮಾಡಿದೆ, ಯಾಕೆ ಮಾಡಿದೆ ಎಲ್ಲ ಗೊತ್ತಿದ್ದವನ ಮಾತು ಅದು. ಇಲ್ಲಿಗೆ ಕಾನೂನಿನ ದಾರಿ ಮುಗಿಯಿತು. ಇನ್ನು ಏನಾದರೂ ಆಗುವುದಿದ್ದರೆ ಅದು ಬರೀ ಬಿಳಿಯರೇ ಇರುವ ಜ್ಯೂರಿಯ ಕೈಯಲ್ಲಿ.

ಸಮ್ನರ್ ಊರಿನ 67 ನಿಮಿಷ

ಡೆಲ್ಟಾದ ಆ ನಾಲ್ವರ ಮಾತು ಕಾರ್ಲ್ ಲೀ ಬಾಯಲ್ಲಿ ಸುಮ್ನೆ ಬಂದದ್ದಲ್ಲ. ಆ ಸೀಮೆಗೆ ಅಂಥ ಚರಿತ್ರೆ ಇದೆ.

1955ರ ಆಗಸ್ಟ್. ಶಿಕಾಗೋದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್ ರಜೆಗೆಂದು ಮಿಸಿಸಿಪ್ಪಿಯ ಮನಿ ಎಂಬ ಹಳ್ಳಿಗೆ ನೆಂಟರ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಬಿಳಿ ಹೆಂಗಸಿನ ಜೊತೆ ಅತಿಯಾಗಿ ನಡೆದುಕೊಂಡ ಅಂತ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲ ಅಣ್ಣ ಜೆ.ಡಬ್ಲ್ಯೂ. ಮೈಲಮ್ ರಾತ್ರಿ ಮನೆಗೆ ನುಗ್ಗಿ ಹುಡುಗನನ್ನು ಎಳೆದೊಯ್ದರು. ಹೆಣ ಟಲಹಾಚಿ ನದಿಯಲ್ಲಿ ಸಿಕ್ಕಿತು. ಮಗನ ಮುಖ ಏನಾಗಿದೆ ಅಂತ ಲೋಕ ನೋಡಲಿ ಎಂದು ತಾಯಿ ಮೇಮಿ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇಡಿಸಿದರು.

ವಿಚಾರಣೆ ನಡೆದದ್ದು ಸಮ್ನರ್ ಎಂಬ ಪುಟ್ಟ ಊರಿನಲ್ಲಿ. ಹುಡುಗನ ದೊಡ್ಡಜ್ಜ ಮೋಸ್ ರೈಟ್ ಕೋರ್ಟಿನಲ್ಲಿ ಎದ್ದು ನಿಂತು, ಎಳೆದೊಯ್ದವರು ಇವರೇ ಎಂದು ಇಬ್ಬರು ಬಿಳಿಯರತ್ತ ಬೆರಳು ತೋರಿಸಿದರು. ಆ ಕಾಲದ ಮಿಸಿಸಿಪ್ಪಿಯಲ್ಲಿ ಅದಕ್ಕೆ ಎಂಥ ಗುಂಡಿಗೆ ಬೇಕಿತ್ತು ಅಂತ ಊಹಿಸಿಕೊಳ್ಳಿ. ಜ್ಯೂರಿ 67 ನಿಮಿಷದಲ್ಲಿ ಇಬ್ಬರನ್ನೂ ಬಿಟ್ಟಿತು. ನಡುವೆ ಸೋಡಾ ಕುಡಿಯದಿದ್ದರೆ ಇಷ್ಟು ಹೊತ್ತೂ ಆಗುತ್ತಿರಲಿಲ್ಲ ಎಂದು ಒಬ್ಬ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ನಾಲ್ಕು ತಿಂಗಳ ನಂತರ ಇಬ್ಬರೂ ಹಣ ತೆಗೆದುಕೊಂಡು ಒಂದು ಪತ್ರಿಕೆಗೆ, ಕೊಂದದ್ದು ನಾವೇ ಅಂತ ಹೇಳಿಕೊಂಡರು. ಒಮ್ಮೆ ಖುಲಾಸೆಯಾದ ಆರೋಪಕ್ಕೆ ಮತ್ತೆ ವಿಚಾರಣೆ ಇಲ್ಲ ಅನ್ನುವ ನಿಯಮ ಅವರನ್ನು ಕಾಪಾಡಿತು.

ಜ್ಯೂರಿಯ 12 ಮಂದಿಯೂ ಬಿಳಿ ಗಂಡಸರು. ಆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಕಪ್ಪು ಜನರೇ ಜಾಸ್ತಿ. ಹಾಗಿದ್ದೂ ಅವರಲ್ಲಿ ಒಬ್ಬರೂ ಯಾಕಿಲ್ಲ? ಜ್ಯೂರಿ ಪಟ್ಟಿ ತೆಗೆಯುತ್ತಿದ್ದದ್ದು ಮತದಾರರ ಪಟ್ಟಿಯಿಂದ. ಕಪ್ಪು ಜನರಲ್ಲಿ ಒಬ್ಬರಿಗೂ ಮತ ನೋಂದಣಿ ಆಗಲು ಬಿಟ್ಟಿರಲಿಲ್ಲ. ಹೆಂಗಸರಿಗೆ ಮಿಸಿಸಿಪ್ಪಿಯ ಜ್ಯೂರಿಯಲ್ಲಿ ಜಾಗ ಸಿಕ್ಕಿದ್ದು 1968ರಲ್ಲಿ. ಅಂದರೆ ವಿಚಾರಣೆ ಶುರುವಾಗುವ ಮೊದಲೇ ತೀರ್ಪು ಅರ್ಧ ಬರೆದಾಗಿತ್ತು.

ಇನ್ನೊಂದು ಪ್ರಕರಣ. 1963ರ ಜೂನ್‌ನಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ಅವರನ್ನು ಮಿಸಿಸಿಪ್ಪಿಯ ರಾಜಧಾನಿ ಜ್ಯಾಕ್ಸನ್‌ನಲ್ಲಿ ಅವರ ಮನೆಯೆದುರೇ ಗುಂಡಿಟ್ಟು ಕೊಂದರು. ಆರೋಪಿ ಬೈರನ್ ಡಿ ಲಾ ಬೆಕ್‌ವಿತ್ ಎಂಬ ಬಿಳಿಯ. 1964ರಲ್ಲಿ ಎರಡು ಸಲ ವಿಚಾರಣೆ, ಎರಡು ಸಲವೂ ಬರೀ ಬಿಳಿಯರ ಜ್ಯೂರಿ, ಎರಡು ಸಲವೂ ಒಮ್ಮತವಿಲ್ಲ. ಅವನು ಮನೆಗೆ ಹೋದ. ಮೂವತ್ತು ವರ್ಷದ ಮೇಲೆ, 1994ರಲ್ಲಿ, ಮೂರನೇ ವಿಚಾರಣೆ. ಈ ಸಲ ಜ್ಯೂರಿಯಲ್ಲಿ ಎಂಟು ಮಂದಿ ಕಪ್ಪು ವರ್ಣೀಯರು, ನಾಲ್ವರು ಬಿಳಿಯರು. ಅಪರಾಧಿ ಎಂದು ತೀರ್ಪು ಬಂತು, ಜೀವಾವಧಿ ಆಯಿತು. ಹೊಸ ಸಾಕ್ಷಿಗಳೂ ಬಂದಿದ್ದವು, ಅದು ನಿಜ. ಆದರೆ ಕುರ್ಚಿಗಳೂ ಬದಲಾಗಿದ್ದವು. ಸಿನಿಮಾ ತೆಗೆದ ಕ್ಯಾಂಟನ್ ಊರು ಜ್ಯಾಕ್ಸನ್‌ಗೆ ಸುಮಾರು 40 ಕಿ.ಮೀ. ದೂರ ಅಷ್ಟೇ.

ಇನ್ನು ಅತ್ಯಾಚಾರದ ಶಿಕ್ಷೆಯ ಲೆಕ್ಕ. 1930ರಿಂದ ಅಮೆರಿಕದಲ್ಲಿ ಅತ್ಯಾಚಾರಕ್ಕೆ ಮರಣದಂಡನೆ ಪಡೆದು ಸತ್ತವರು 455 ಮಂದಿ. ಅವರಲ್ಲಿ 405 ಮಂದಿ ಕಪ್ಪು ವರ್ಣೀಯರು. 1972ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಈ ಅಂಕಿ ಎತ್ತಿ ತೋರಿಸಿದರು. ಈ ಚರಿತ್ರೆ ತಲೆಯಲ್ಲಿಟ್ಟುಕೊಂಡು ಕಾರ್ಲ್ ಲೀ ವಕೀಲನಿಗೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಿ. ಅದು ಹುಚ್ಚನ ಪ್ರಶ್ನೆಯಲ್ಲ. ಲೆಕ್ಕ ಹಾಕಿದವನ ಪ್ರಶ್ನೆ.

ಕಾನೂನು ಬದಿಗಿಡುವ ಅಧಿಕಾರ

ಜ್ಯೂರಿಗೆ ಒಂದು ವಿಚಿತ್ರ ಶಕ್ತಿ ಇದೆ. ಸಾಕ್ಷಿ ಎಲ್ಲ ಇದೆ, ಕಾನೂನೂ ಸ್ಪಷ್ಟ ಇದೆ. ಆದರೂ ‘ಇವನಿಗೆ ಶಿಕ್ಷೆ ಬೇಡ’ ಅಂತ ಅನಿಸಿದರೆ ನಿರ್ದೋಷಿ ಎಂದು ಬಿಡಬಹುದು. ಯಾಕೆ ಅಂತ ಯಾರೂ ಕೇಳುವಂತಿಲ್ಲ. ಕಾರಣ ಬರೆಯಬೇಕಾಗಿಲ್ಲ. ಸರ್ಕಾರ ಅದರ ಮೇಲೆ ಮೇಲ್ಮನವಿ ಹಾಕುವಂತಿಲ್ಲ. ಹೀಗೆ ಮಾಡಬಹುದು ಅಂತ ನ್ಯಾಯಾಧೀಶರು ಜ್ಯೂರಿಗೆ ಹೇಳಿಕೊಡುವುದಿಲ್ಲ. ಆದರೆ ಮಾಡಿದರೆ ತಡೆಯಲಿಕ್ಕೂ ಆಗುವುದಿಲ್ಲ.

ಇದರ ಬೇರು 1670ರ ಲಂಡನ್‌ನಲ್ಲಿದೆ. ಬೀದಿಯಲ್ಲಿ ಧರ್ಮಪ್ರವಚನ ಮಾಡಿದ ವಿಲಿಯಂ ಪೆನ್ ಅವರನ್ನು ಶಿಕ್ಷಿಸಲು ಜ್ಯೂರಿ ಒಪ್ಪಲಿಲ್ಲ. ಅನ್ನ ನೀರು ಕೊಡದೆ ಕೂಡಿಹಾಕಿದರೂ ಬಗ್ಗಲಿಲ್ಲ. ದಂಡ ಕಟ್ಟಲು ನಿರಾಕರಿಸಿದ ಬುಶೆಲ್ ಎಂಬ ಜ್ಯೂರಿ ಸದಸ್ಯನ ಕೇಸಿನಲ್ಲಿ, ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ತೀರ್ಮಾನವಾಯಿತು. 1850ರ ದಶಕದಲ್ಲಿ ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಓಡಿಬಂದ ಗುಲಾಮರಿಗೆ ನೆರವಾದವರನ್ನು ಶಿಕ್ಷಿಸಲು ಕೆಲವು ಜ್ಯೂರಿಗಳು ಒಪ್ಪಲಿಲ್ಲ. ಎಂಥ ಒಳ್ಳೆಯ ಅಧಿಕಾರ ಅನಿಸುತ್ತದೆ, ಅಲ್ವಾ?

ಸಮ್ನರ್‌ನಲ್ಲಿ ಎಮೆಟ್ ಟಿಲ್‌ನನ್ನು ಕೊಂದವರನ್ನು ಬಿಟ್ಟದ್ದೂ ಇದೇ ಅಧಿಕಾರ.

‘ಎ ಟೈಮ್ ಟು ಕಿಲ್’ ನೋಡುವಾಗ ನನಗೆ ಮುಳ್ಳಿನಂತೆ ಚುಚ್ಚುವುದು ಇದು. ಕೊನೆಗೆ ಕಾರ್ಲ್ ಲೀ ಬಿಡುಗಡೆಯಾದಾಗ ಥಿಯೇಟರಿನಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಯಾವ ಯಂತ್ರ ಅವನನ್ನು ಬಿಡಿಸಿತೋ ಅದೇ ಯಂತ್ರ ಡೆಲ್ಟಾದ ಆ ನಾಲ್ವರನ್ನೂ ಬಿಡಿಸಿತ್ತು. ‘ಅವರಿಗೆ ಹಾಗೇ ಆಗಬೇಕಿತ್ತು’ ಎಂದು ಹನ್ನೆರಡು ಜನಕ್ಕೆ ಅನಿಸಿದರೆ ಸಾಕು ಅನ್ನುವುದು ಆ ಯಂತ್ರದ ಕೀಲಿ. ಸಿನಿಮಾ ಈ ಮಾತನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಲೂನಿಯ ಸಾಕ್ಷಿಯಲ್ಲೇ ಇದರ ಸುಳಿವಿದೆ. ಕಾಲು ಕಳೆದುಕೊಂಡ ಪೊಲೀಸಿನವನನ್ನು ಬಕ್ಲಿ ತನ್ನ ಪರ ಕರೆಸುತ್ತಾನೆ. ಜೇಕ್ ಅವನನ್ನು ಕೇಳುತ್ತಾನೆ, ಕಾರ್ಲ್ ಲೀಗೆ ಶಿಕ್ಷೆ ಆಗಬೇಕಾ? ನನಗೂ ಮಗಳಿದ್ದಾಳೆ, ಅವನು ಹೀರೋ, ಬಿಟ್ಟುಬಿಡಿ ಅನ್ನುತ್ತಾನೆ ಲೂನಿ. ಕಾನೂನಿನ ಪ್ರಕಾರ ಆ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಶಿಕ್ಷೆ ಆಗಬೇಕಾ ಬೇಡವಾ ಅಂತ ಸಾಕ್ಷಿ ಹೇಳುವ ಹಾಗಿಲ್ಲ, ತಾನು ಕಂಡದ್ದನ್ನು ಮಾತ್ರ ಹೇಳಬೇಕು. ಆದರೆ ಕೇಳಿದ ಮಾತನ್ನು ಜ್ಯೂರಿಯ ಕಿವಿಯಿಂದ ವಾಪಸ್ ತೆಗೆಯಲು ಯಾವ ನ್ಯಾಯಾಧೀಶರಿಗೂ ಆಗುವುದಿಲ್ಲ.

ಜೈಲಿನ ಮಾತು, ಕೋರ್ಟಿನ ಮಾತು

ಅಂತಿಮ ವಾದದ ಹಿಂದಿನ ರಾತ್ರಿ ಜೇಕ್ ಸೋತು ಜೈಲಿಗೆ ಬರುತ್ತಾನೆ. ತಪ್ಪು ಒಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊ ಅನ್ನುತ್ತಾನೆ. ಆಗ ಕಾರ್ಲ್ ಲೀ ಹೇಳುವುದು ಇಡೀ ಸಿನಿಮಾದ ಅತಿ ಬುದ್ಧಿವಂತ ಮಾತು ಅಂತ ನನ್ನ ಎಣಿಕೆ. ನೀನು ನನ್ನ ಸ್ನೇಹಿತ ಅಲ್ಲ ಜೇಕ್, ಅನ್ನುತ್ತಾನೆ. ನನ್ನ ಮನೆ ಎಲ್ಲಿದೆ ಅಂತಲೂ ನಿನಗೆ ಗೊತ್ತಿಲ್ಲ. ನಮ್ಮ ಮಕ್ಕಳು ಒಟ್ಟಿಗೆ ಆಡಲ್ಲ. ನೀನು ಆ ಕಡೆಯವನು. ಅದಕ್ಕೇ ನಿನ್ನನ್ನು ಆರಿಸಿಕೊಂಡೆ. ಅವರು ನನ್ನನ್ನು ಹೇಗೆ ನೋಡುತ್ತಾರೋ ನೀನೂ ಹಾಗೇ ನೋಡುತ್ತೀಯ. ಆ ಕುರ್ಚಿಯಲ್ಲಿ ನೀನೇ ಕೂತಿದ್ದರೆ, ನನ್ನನ್ನು ಬಿಡಲು ನಿನಗೆ ಏನು ಬೇಕಾಗುತ್ತಿತ್ತು?

ಮಾರನೇ ದಿನ ಜೇಕ್ ಬರೆದಿಟ್ಟ ವಾದ ಬದಿಗಿಡುತ್ತಾನೆ. ಜ್ಯೂರಿಗೆ ಕಣ್ಣು ಮುಚ್ಚಲು ಹೇಳುತ್ತಾನೆ. ಹುಡುಗಿಗೆ ಏನೇನಾಯಿತು ಎಂದು ಒಂದೊಂದಾಗಿ, ಮೆಲ್ಲನೆ ಹೇಳುತ್ತಾ ಹೋಗುತ್ತಾನೆ. ಕೊನೆಗೆ ಒಂದೇ ಸಾಲು: ಈಗ ಅವಳು ಬಿಳಿಯಳು ಅಂದುಕೊಳ್ಳಿ.

ವಕೀಲರ ಕಣ್ಣಲ್ಲಿ ಈ ವಾದ ತೂತುಗಳ ಬುಟ್ಟಿ. ನಿಮ್ಮನ್ನೇ ಆ ಜಾಗದಲ್ಲಿ ಇಟ್ಟು ನೋಡಿ ಎಂದು ಜ್ಯೂರಿಯನ್ನು ಕೇಳುವುದಕ್ಕೆ ಅಮೆರಿಕದ ಹೆಚ್ಚಿನ ಕೋರ್ಟುಗಳು ಬಿಡುವುದಿಲ್ಲ. ಇದು ಅದರ ಗಡಿಯಲ್ಲೇ ನಿಂತ ಮಾತು. ಅದಕ್ಕಿಂತ ದೊಡ್ಡ ತೊಂದರೆ, ಇಲ್ಲಿ ನಡೆಯುತ್ತಿರುವುದು ಟೋನ್ಯಾ ಮೇಲಿನ ಅತ್ಯಾಚಾರದ ವಿಚಾರಣೆಯೇ ಅಲ್ಲ. ಕೊಲೆಯ ವಿಚಾರಣೆ. ಕೊಲೆಯಾದವರು ಆ ಇಬ್ಬರು. ಬುದ್ಧಿಭ್ರಮಣೆಯ ಬಗ್ಗೆ ಜೇಕ್ ಒಂದಕ್ಷರವೂ ಆಡುವುದಿಲ್ಲ. ಬಕ್ಲಿಯಂಥ ಘಾಟಿ ವಕೀಲ ಎದ್ದು ಆಕ್ಷೇಪ ಎತ್ತದೆ ಕೂತಿರುವುದು ಸಿನಿಮಾದಲ್ಲಿ ಮಾತ್ರ ಸಾಧ್ಯ.

ಆದರೂ ಆ ಸಾಲು ನಾಟುತ್ತದೆ. ಯಾಕೆಂದರೆ ಅದು ಜ್ಯೂರಿಯನ್ನು ಹೊಗಳುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಈ ಮಗು ಇನ್ನೂ ಪೂರ್ತಿ ಮಗು ಆಗಿಲ್ಲ, ಬಣ್ಣ ಬದಲಿಸಿದರೆ ಮಾತ್ರ ಆಗುತ್ತದೆ ಅಂತ ಮುಖಕ್ಕೇ ಹೇಳುತ್ತದೆ. ಮತ್ತೆ ಆ ದೌರ್ಬಲ್ಯವನ್ನೇ ಬಳಸಿಕೊಳ್ಳುತ್ತದೆ. ಜ್ಯೂರಿ ಕಣ್ಣು ತೆರೆದಾಗ ಅವರು ಬದಲಾಗಿದ್ದಾರೋ, ಇಲ್ಲ ಬರೀ ಬೇರೆ ಹುಡುಗಿಗಾಗಿ ಅತ್ತಿದ್ದಾರೋ ಹೇಳುವುದು ಕಷ್ಟ.

ಕಾದಂಬರಿಯಲ್ಲಿ ಈ ಮಾತು ಜೇಕ್‌ನದ್ದಲ್ಲ. ಜ್ಯೂರಿ ಬಾಗಿಲು ಹಾಕಿಕೊಂಡು ಚರ್ಚಿಸುವಾಗ ಒಬ್ಬ ಹೆಂಗಸು ಉಳಿದವರಿಗೆ ಕಣ್ಣು ಮುಚ್ಚಿ ಹಾಗೆ ಕಲ್ಪಿಸಿಕೊಳ್ಳಲು ಹೇಳುತ್ತಾಳೆ. ಸಿನಿಮಾ ಅದನ್ನು ಎತ್ತಿ ನಾಯಕನ ಬಾಯಿಗೆ ಹಾಕಿತು. ನಾಟಕಕ್ಕೆ ಲಾಭವಾಯಿತು, ಸತ್ಯಕ್ಕೆ ಸ್ವಲ್ಪ ನಷ್ಟ. ಊರಿನ ಮನಸ್ಸು ಊರಿನವರಿಂದಲೇ ಕದಲಿದ್ದು ಹೋಗಿ, ಚಂದದ ವಕೀಲನ ಭಾಷಣದಿಂದ ಕದಲಿದಂತಾಯಿತು. ಬಿಳಿ ನಾಯಕ ಬಂದು ಕಪ್ಪು ಜನರನ್ನು ಕಾಪಾಡುವ ಕಥೆ ಇದು ಎಂಬ ದೂರು ಬಂದದ್ದು ಸುಮ್ಮನೆ ಅಲ್ಲ. ಕಪ್ಪು ಜನರ ಸಂಘಟನೆಯವರು ಇಲ್ಲಿ ಹಣಕ್ಕೂ ಹೆಸರಿಗೂ ಬಂದವರಂತೆ ಕಾಣುತ್ತಾರೆ. ಹುಡುಗಿಯ ತಾಯಿ ಗ್ವೆನ್‌ಗೆ ಅಳುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಟೋನ್ಯಾಗೆ ಮಾತೇ ಕಡಿಮೆ. ಕೂ ಕ್ಲಕ್ಸ್ ಕ್ಲ್ಯಾನ್ ಎಂಬ ಬಿಳಿಯರ ಜನಾಂಗದ್ವೇಷಿ ಗುಂಪು ಬೆಂಕಿ ಹಚ್ಚುತ್ತದೆ, ಶಿಲುಬೆ ಸುಡುತ್ತದೆ. ಆ ಭಾಗ ಗದ್ದಲ ಜಾಸ್ತಿ, ವಿಷಯ ಕಡಿಮೆ. ಜನಾಂಗದ್ವೇಷ ಅಂದರೆ ಮುಸುಕು ಹಾಕಿದವರ ಕೆಲಸ ಅಂತ ನೋಡುಗರು ಹಾಯಾಗಿ ಕೂರಬಹುದು. ಜ್ಯೂರಿಯವರು ಊಟದ ಮೇಜಿನಲ್ಲಿ ತಣ್ಣಗೆ ಅಪರಾಧಿ ಅನ್ನುವ ಚಿಕ್ಕ ದೃಶ್ಯವೇ ಅದಕ್ಕಿಂತ ಹೆಚ್ಚು ಹೆದರಿಸುತ್ತದೆ.

ಕಾರ್ಲ್ ಲೀ ಪಾತ್ರ ಮಾಡಿದ ಸ್ಯಾಮ್ಯುಯೆಲ್ ಜ್ಯಾಕ್ಸನ್ ಕೂಡ ಮುಂದೆ ಒಂದು ಸಂದರ್ಶನದಲ್ಲಿ ಬೇಸರ ಹೇಳಿಕೊಂಡರು. ಆ ಇಬ್ಬರೂ ಇನ್ನು ಈ ಭೂಮಿಯ ಮೇಲಿಲ್ಲ ಅಂತ ಮಗಳಿಗೆ ಗೊತ್ತಾಗಬೇಕು, ಅದಕ್ಕೇ ಅವನು ಕೊಂದ ಅಂತ ಅವರು ಪಾತ್ರವನ್ನು ಅರ್ಥ ಮಾಡಿಕೊಂಡಿದ್ದರಂತೆ. ಎಡಿಟಿಂಗ್‌ನಲ್ಲಿ ಹೋದ ದೃಶ್ಯಗಳಿಂದಾಗಿ, ಕೊಂದು ತಪ್ಪಿಸಿಕೊಳ್ಳಲು ಹೊಂಚು ಹಾಕಿದವನಂತೆ ಕಾಣುತ್ತಾನೆ ಎನ್ನುವುದು ಅವರ ದೂರು.

ನಿಜವಾದ ತಂದೆ ತಾಯಂದಿರು

ಮಕ್ಕಳಿಗಾಗಿ ಸೇಡು ತೀರಿಸಿಕೊಂಡವರು ನಿಜವಾಗಿಯೂ ಇದ್ದಾರೆ. 1981ರಲ್ಲಿ ಪಶ್ಚಿಮ ಜರ್ಮನಿಯ ಲ್ಯೂಬೆಕ್‌ನಲ್ಲಿ ಮರಿಯಾನೆ ಬಾಖ್‌ಮೈಯರ್ ಏಳು ವರ್ಷದ ಮಗಳನ್ನು ಕೊಂದವನನ್ನು ಕೋರ್ಟ್ ಹಾಲಿನಲ್ಲೇ ಗುಂಡಿಟ್ಟು ಕೊಂದರು. ಆರು ವರ್ಷ ಶಿಕ್ಷೆಯಾಯಿತು, ಸುಮಾರು ಅರ್ಧ ಮುಗಿಸಿ ಹೊರಬಂದರು.

1984ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿಯ ಪಕ್ಕದ ಲೂಸಿಯಾನದಲ್ಲಿ ಗ್ಯಾರಿ ಪ್ಲೋಶೆ ಎಂಬ ತಂದೆ, ಮಗನನ್ನು ಅಪಹರಿಸಿ ಹಿಂಸಿಸಿದ ಕರಾಟೆ ಶಿಕ್ಷಕನನ್ನು ವಿಮಾನ ನಿಲ್ದಾಣದಲ್ಲಿ ಕೊಂದ. ಪೊಲೀಸರು ಕರೆತರುತ್ತಿದ್ದರು. ಪ್ಲೋಶೆ ಟೆಲಿಫೋನ್ ಹತ್ತಿರ ಕಾದು ನಿಂತಿದ್ದ. ಟಿ.ವಿ. ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ಕೊನೆಗೆ ಸರ್ಕಾರದ ಜೊತೆ ಒಪ್ಪಂದವಾಯಿತು. ಏಳು ವರ್ಷದ ಶಿಕ್ಷೆ, ಆದರೆ ಅದನ್ನು ಅಮಾನತಿನಲ್ಲಿಟ್ಟರು. ಐದು ವರ್ಷ ನಿಗಾ, 300 ಗಂಟೆ ಸಮಾಜಸೇವೆ. ಆ ಶಿಕ್ಷೆಗೆ ಜೈಲಿಗೆ ಹೋಗಲೇ ಇಲ್ಲ. ಪ್ಲೋಶೆ ಬಿಳಿಯ. ಕಾರ್ಲ್ ಲೀ ಕೊಂದದ್ದು ಇಬ್ಬರನ್ನು, ಒಬ್ಬ ಅಮಾಯಕನ ಕಾಲೂ ಹೋಯಿತು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಜೇಕ್‌ನ ಆ ಸಾಲನ್ನು ಮಗಳ ಬದಲು ಅಪ್ಪನಿಗೆ ಹಾಕಿ ನೋಡಿದರೆ ಯೋಚನೆ ಹಿಡಿಯುತ್ತದೆ.

ತೀರ್ಪಿನ ನಂತರ ಸಿನಿಮಾದಲ್ಲಿ ಕಾರ್ಲ್ ಲೀ ನೇರ ಮನೆಗೆ ಹೋಗುತ್ತಾನೆ, ಊಟ ಹಬ್ಬ ಎಲ್ಲ ನಡೆಯುತ್ತದೆ. ಬುದ್ಧಿಭ್ರಮಣೆಯ ಮೇಲೆ ಬಿಡುಗಡೆ ಅಂದರೆ ಸಾಮಾನ್ಯವಾಗಿ ಹಾಗಲ್ಲ. ಇನ್ನೂ ಅಪಾಯಕಾರಿಯೇ ಅಂತ ನೋಡಬೇಕಾಗುತ್ತದೆ, ಆಸ್ಪತ್ರೆಗೆ ಕಳಿಸಬಹುದು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದ ಜಾನ್ ಹಿಂಕ್ಲಿ ಇದೇ ವಾದದಲ್ಲಿ ಗೆದ್ದು, ಆಸ್ಪತ್ರೆಯಿಂದ ಪೂರ್ತಿ ಮನೆಗೆ ಹೋದದ್ದು 2016ರಲ್ಲಿ.

ಆ ಕುರ್ಚಿಗಳಲ್ಲಿ ಕೂರಿಸುವುದು ಯಾರು?

ಸಿನಿಮಾ ಬೇಗ ಬೇಗ ದಾಟಿಸುವ ಭಾಗ ಇದು. ನನ್ನ ಪ್ರಕಾರ ಇದೇ ಮುಖ್ಯ.

ಕ್ಯಾಂಟನ್‌ನಲ್ಲಿ ನ್ಯಾಯ ಸಿಗುವುದಿಲ್ಲ, ವಿಚಾರಣೆ ಬೇರೆ ಕೌಂಟಿಗೆ ವರ್ಗಾಯಿಸಿ ಅಂತ ಜೇಕ್ ಕೇಳುತ್ತಾನೆ. ಕೌಂಟಿ ಬದಲಾದರೆ ಜ್ಯೂರಿಯ ಬಣ್ಣವೂ ಬದಲಾಗುತ್ತದೆ. ನ್ಯಾಯಾಧೀಶ ನೂಸ್ ಒಪ್ಪುವುದಿಲ್ಲ. ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 1992ರ ಉದಾಹರಣೆ ಇದೆ. ಕಪ್ಪು ವರ್ಣೀಯ ರಾಡ್ನಿ ಕಿಂಗ್ ಅವರನ್ನು ಹೊಡೆದ ಪೊಲೀಸರ ವಿಚಾರಣೆ ಲಾಸ್ ಏಂಜಲೀಸ್‌ನಿಂದ ಬಿಳಿಯರೇ ಹೆಚ್ಚಿದ್ದ ಸಿಮಿ ವ್ಯಾಲಿಗೆ ಹೋಯಿತು. ಜ್ಯೂರಿಯಲ್ಲಿ ಕಪ್ಪು ವರ್ಣೀಯರು ಒಬ್ಬರೂ ಇರಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ, ಲಾಸ್ ಏಂಜಲೀಸ್ ಹೊತ್ತಿ ಉರಿಯಿತು.

ಕೌಂಟಿ ಆದ ಮೇಲೆ ಆಯ್ಕೆ. ಊರಿನ ಜನರಿಗೆ ಸಮನ್ಸ್ ಹೋಗುತ್ತದೆ. ಬಂದವರನ್ನು ವಕೀಲರು ಪ್ರಶ್ನಿಸುತ್ತಾರೆ. ಪಕ್ಷಪಾತ ಕಂಡರೆ ಕಾರಣ ಕೊಟ್ಟು ಎಷ್ಟು ಜನರನ್ನಾದರೂ ತೆಗೆಸಬಹುದು. ಅದರ ಜೊತೆಗೆ ಎರಡೂ ಕಡೆಗೆ, ಕಾರಣವೇ ಹೇಳದೆ ಇಂತಿಷ್ಟು ಜನರನ್ನು ‘ಬೇಡ’ ಅನ್ನುವ ಹಕ್ಕು ಇದೆ. ಎಲ್ಲ ಆಟ ನಡೆಯುವುದು ಇಲ್ಲಿ. ಕಪ್ಪು ಜನರನ್ನು ಒಬ್ಬೊಬ್ಬರಾಗಿ ಬೇಡ ಅಂದರೆ ಆಯಿತು.

1986ರಲ್ಲಿ ಬ್ಯಾಟ್ಸನ್ ಎಂಬ ಕೆಂಟಕಿಯ ಆರೋಪಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಬಣ್ಣ ನೋಡಿ ತೆಗೆಯುವಂತಿಲ್ಲ. ಅನುಮಾನ ಬಂದರೆ ಸರ್ಕಾರಿ ವಕೀಲ ಬೇರೆ ಕಾರಣ ಕೊಡಬೇಕು. ಕಾರಣ ಕೊಡುವುದೇನು ಮಹಾ ಕಷ್ಟ? ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ, ತುಂಬ ಚಿಕ್ಕ ವಯಸ್ಸು, ಏನೋ ಒಂದು. ಜಾರ್ಜಿಯಾ ರಾಜ್ಯದ ಟಿಮೊತಿ ಫಾಸ್ಟರ್ ಕೇಸಿನಲ್ಲಿ, 1987ರ ವಿಚಾರಣೆಯ ಸರ್ಕಾರಿ ವಕೀಲರ ಟಿಪ್ಪಣಿಗಳು ವರ್ಷಗಳ ನಂತರ ಹೊರಬಂದವು. ಕಪ್ಪು ಜನರ ಹೆಸರಿನ ಮೇಲೆಲ್ಲ ಹಸಿರು ಹೈಲೈಟರ್. ಪಕ್ಕದಲ್ಲಿ ‘ಬಿ’ ಅಕ್ಷರ. ‘ಖಂಡಿತ ಬೇಡ’ ಎಂದು ಬರೆದಿಟ್ಟ ಪಟ್ಟಿ ಬೇರೆ. 2016ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು.

ಇನ್ನು ಮಿಸಿಸಿಪ್ಪಿ. ‘ಎ ಟೈಮ್ ಟು ಕಿಲ್’ ಅಮೆರಿಕದ ಥಿಯೇಟರುಗಳಿಗೆ ಬಂದದ್ದು 1996ರ ಜುಲೈ 24ರಂದು. ಅದಕ್ಕೆ ಎಂಟು ದಿನ ಮೊದಲು, ಜುಲೈ 16ರಂದು, ಅದೇ ರಾಜ್ಯದ ವಿನೋನಾ ಊರಿನ ಫರ್ನಿಚರ್ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯನ ಮೇಲೆ ಆರೋಪ ಬಂತು. ಒಬ್ಬನೇ ಸರ್ಕಾರಿ ವಕೀಲ ಅದೇ ಕೊಲೆಗಳಿಗೆ ಅವನನ್ನು ಆರು ಸಲ ವಿಚಾರಣೆಗೆ ನಿಲ್ಲಿಸಿದ. ಎರಡು ಸಲ ಜ್ಯೂರಿಗೆ ಒಮ್ಮತ ಬರಲಿಲ್ಲ. ಮೂರು ಸಲ ರಾಜ್ಯದ ಸುಪ್ರೀಂ ಕೋರ್ಟೇ ಶಿಕ್ಷೆ ರದ್ದು ಮಾಡಿತು. ಆರನೆಯದು ವಾಷಿಂಗ್ಟನ್ನಿಗೆ, ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು.

ಅಲ್ಲಿ ನ್ಯಾಯಮೂರ್ತಿಗಳು ಎಣಿಸಿ ನೋಡಿದರು. ಆರೂ ವಿಚಾರಣೆ ಸೇರಿ ತೆಗೆಯಬಹುದಾಗಿದ್ದ ಕಪ್ಪು ವರ್ಣೀಯರು 42. ಸರ್ಕಾರಿ ವಕೀಲ ತೆಗೆದುಹಾಕಿದ್ದು 41. ಆರನೇ ವಿಚಾರಣೆಯಲ್ಲಿ, ತೆಗೆದುಹಾಕಿದ ಐವರು ಕಪ್ಪು ವರ್ಣೀಯರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದ. ಜ್ಯೂರಿಯಲ್ಲಿ ಕೂತ 11 ಬಿಳಿಯರಿಗೆ ಎಲ್ಲ ಸೇರಿ 12 ಪ್ರಶ್ನೆ. ಕಾರಣ ಹುಡುಕುವವನು ಪ್ರಶ್ನೆ ಜಾಸ್ತಿ ಕೇಳುತ್ತಾನೆ. 2019ರ ಜೂನ್‌ನಲ್ಲಿ 7–2ರ ಬಹುಮತದಿಂದ ಶಿಕ್ಷೆ ರದ್ದಾಯಿತು. ಡಿಸೆಂಬರ್‌ನಲ್ಲಿ ಫ್ಲವರ್ಸ್ ಜಾಮೀನಿನ ಮೇಲೆ ಹೊರಬಂದ. 2020ರ ಸೆಪ್ಟೆಂಬರ್‌ನಲ್ಲಿ ಆರೋಪಗಳನ್ನೇ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 23 ವರ್ಷ ಜೈಲಿನಲ್ಲಿ ಕಳೆದಿತ್ತು.

ಕಾರಣ ಹೇಳದೆ ‘ಬೇಡ’ ಅನ್ನುವ ಹಕ್ಕನ್ನೇ ಕಿತ್ತುಹಾಕಿ ಅನ್ನುವವರು ಈಗ ಹೆಚ್ಚಾಗಿದ್ದಾರೆ. ಬ್ಯಾಟ್ಸನ್ ತೀರ್ಪು ಬಂದಾಗಲೇ ನ್ಯಾಯಮೂರ್ತಿ ಮಾರ್ಷಲ್ ಹಾಗೆ ಬರೆದಿದ್ದರು, ಕಡಿವಾಣ ಸಾಲದು ಅಂತ. ಇಂಗ್ಲೆಂಡ್ 1988ರ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟಿತು. ಅಮೆರಿಕದ ರಾಜ್ಯಗಳಲ್ಲಿ ಮೊದಲು ಕೈಬಿಟ್ಟದ್ದು ಅರಿಜೋನಾ, 2022ರ ಜನವರಿ 1ರಿಂದ. ಮಿಸಿಸಿಪ್ಪಿಯಲ್ಲಿ ಅದು ಇನ್ನೂ ಇದೆ.